ಡಿಸ್ಕಿಗೆ ಸ್ಥಿರವಾದ ಹೆಸರು

ನಾಲ್ಕು ಡಿಸ್ಕುಗಳನ್ನು ಒಂದುಗೂಡಿಸಿ, ಅವುಗಳಲ್ಲಿ ಯಾವುದಾದರೊಂದು ಹಾಳಾದರೂ ಉಳಿದ ಮೂರರ ಬಲದಿಂದ ಮಾಹಿತಿಯೆಲ್ಲವೂ ಉಳಿದುಕೊಳ್ಳುವಂತೆ ಕಟ್ಟಿದ ಒಂದು ಲಿನಕ್ಸ್ ಸಂಗ್ರಹವ್ಯೂಹವು, ಒಂದು ದಿನ ತನ್ನ ಮೇಲ್ವಿಚಾರಕನಿಗೆ 'ಎಸ್‌ಡಿಸಿ ಕೆಟ್ಟಿದೆ' ಎಂಬ ಸಂದೇಶವನ್ನು ಕಳುಹಿಸಿತೆಂದು ಭಾವಿಸೋಣ. ಆತನು ಪೆಟ್ಟಿಗೆಯನ್ನು ಬಿಚ್ಚಿ ನೋಡುತ್ತಾನೆ. ಒಂದೇ ಕಂಪನಿಯ, ಒಂದೇ ಗಾತ್ರದ, ಒಂದೇ ಬಣ್ಣದ ನಾಲ್ಕು ಡಿಸ್ಕುಗಳು ಸಾಲಾಗಿ ನಿಂತಿವೆ. ಯಾವುದರ ಮೈಮೇಲೂ ಎಸ್‌ಡಿಸಿ ಎಂಬ ಅಕ್ಷರಗಳಿಲ್ಲ. ಎ, ಬಿ, ಸಿ ಎಂದು ಎಡದಿಂದ ಎಣಿಸಿ ಮೂರನೆಯದನ್ನು ಹೊರಕ್ಕೆಳೆದನೋ, ಅದು ಯಾವ ದೋಷವೂ ಇಲ್ಲದೆ ಕೆಲಸ ಮಾಡುತ್ತಿದ್ದ ಡಿಸ್ಕಾಗಿರುವ ಸಂಭವವೇನೂ ಸಣ್ಣದಲ್ಲ. ರೇಡ್ ಎಂಬ ಪದ್ಧತಿಯ ಐದನೆಯ ಮಟ್ಟದಲ್ಲಿ ಕಟ್ಟಿದ ಇಂಥ ವ್ಯೂಹವು ಒಂದೇ ಒಂದು ಡಿಸ್ಕಿನ ನಷ್ಟವನ್ನು ತಾಳಬಲ್ಲುದು. ತಾನಾಗಿ ಕೆಟ್ಟದ್ದು ಒಂದು, ಕೈಯಾರೆ ಕಿತ್ತದ್ದು ಒಂದು, ಹೀಗೆ ಎರಡಾದ ಕ್ಷಣದಲ್ಲಿಯೇ ವ್ಯೂಹವು ನಿಂತುಹೋಗುತ್ತದೆ.

ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್‌ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ ಎಂಬ ಮೂವರು 1988ರಲ್ಲಿ ರೇಡ್ ಪದ್ಧತಿಯನ್ನು ಪ್ರತಿಪಾದಿಸಿ ತಮ್ಮ ಪ್ರಸಿದ್ಧ ಪ್ರಬಂಧವನ್ನು ಪ್ರಕಟಿಸಿದರು. ದುಬಾರಿಯಾದ ಒಂದು ದೊಡ್ಡ ಡಿಸ್ಕಿಗೆ ಬದಲಾಗಿ ಅಗ್ಗದ ಅನೇಕ ಸಣ್ಣ ಡಿಸ್ಕುಗಳನ್ನು ಕೂಡಿಸಿ, ಅವುಗಳ ನಡುವೆ ಹೆಚ್ಚುವರಿ ಮಾಹಿತಿಯನ್ನು ಹಂಚಿಟ್ಟರೆ ವೇಗವೂ ಭದ್ರತೆಯೂ ಏಕಕಾಲದಲ್ಲಿ ಲಭಿಸುತ್ತವೆಂಬುದು ಅವರ ವಾದದ ಸಾರ. ಡಿಸ್ಕುಗಳು ಸರಾಸರಿ ಎಷ್ಟು ಕಾಲಕ್ಕೊಮ್ಮೆ ಕೆಡುತ್ತವೆ, ಕೆಟ್ಟದ್ದನ್ನು ಬದಲಿಸಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದರ ಮೇಲೆ ಅವರ ಲೆಕ್ಕಾಚಾರವೆಲ್ಲ ನಿಂತಿದೆ. ಬದಲಿಸುವಾತನಿಗೆ ಕೆಟ್ಟ ಡಿಸ್ಕು ಯಾವುದೆಂಬುದು ನಿಸ್ಸಂಶಯವಾಗಿ ತಿಳಿದಿರುತ್ತದೆ ಎಂಬುದು ಆ ಲೆಕ್ಕದ ಹಿಂದೆ ಮೌನವಾಗಿ ಒಪ್ಪಿಕೊಂಡ ಮಾತು. ಲಿನಕ್ಸಿನ ಸಾಮಾನ್ಯ ನಾಮಕರಣ ಪದ್ಧತಿಯಲ್ಲಿ ಈ ಮಾತು ಸತ್ಯವಾಗಿ ಉಳಿಯುವುದಿಲ್ಲ.

ಕಾರಣವಿಷ್ಟೆ. ಎಸ್‌ಡಿಎ, ಎಸ್‌ಡಿಬಿ, ಎಸ್‌ಡಿಸಿ ಎಂಬಿವು ಡಿಸ್ಕುಗಳ ಹೆಸರುಗಳೇ ಅಲ್ಲ; ಯಂತ್ರವು ಈ ಸಲ ಎಚ್ಚತ್ತಾಗ ಲಿನಕ್ಸಿನ ತಿರುಳಾದ ಕರ್ನಲ್ಲಿನ ಕಣ್ಣಿಗೆ ಡಿಸ್ಕುಗಳು ಯಾವ ಕ್ರಮದಲ್ಲಿ ಬಿದ್ದುವೋ ಆ ಕ್ರಮದ ಸಂಖ್ಯೆಗಳು. ಸಂತರ್ಪಣೆಯ ಪಂಕ್ತಿಯಲ್ಲಿ ಇಂದು ಮೂರನೆಯ ಎಲೆಗೆ ಕುಳಿತವನು ನಾಳೆಯೂ ಮೂರನೆಯ ಎಲೆಗೇ ಕುಳಿತುಕೊಳ್ಳಬೇಕೆಂಬ ನಿಯಮವೇನೂ ಇಲ್ಲ. ಹಾಗಿದ್ದೂ 'ಮೂರನೆಯ ಎಲೆಯವರಿಗೆ ಸಾಲ ಕೊಟ್ಟಿದ್ದೇನೆ' ಎಂದು ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡವನ ಸ್ಥಿತಿ ಏನಾದೀತು? ವಿದ್ಯುತ್ತು ಹೋಗಿ ಬಂದಾಗ ಹಳೆಯ ಡಿಸ್ಕೊಂದು ತನ್ನ ತಟ್ಟೆಗಳನ್ನು ವೇಗಕ್ಕೆ ತರಲು ಒಂದೆರಡು ಕ್ಷಣ ತಡಮಾಡಿದರೆ ಸಾಕು, ಹೊಸದಾಗಿ ಒಂದು ಪಿಸಿಐ ಕಾರ್ಡನ್ನು ಸೇರಿಸಿದರೆ ಸಾಕು, ಯುಎಸ್‌ಬಿ ಕಡ್ಡಿಯೊಂದನ್ನು ಯಂತ್ರದಲ್ಲಿ ಮರೆತು ಬಿಟ್ಟಿದ್ದರೂ ಸಾಕು, ಅಕ್ಷರಗಳು ಸ್ಥಾನ ಜರುಗಬಹುದು. ಇತ್ತೀಚಿನ ಕರ್ನಲ್ಲುಗಳು ಕಾಲವನ್ನು ಉಳಿಸುವುದಕ್ಕಾಗಿ ಡಿಸ್ಕುಗಳನ್ನು ಒಂದಾದ ಮೇಲೊಂದರಂತೆ ಕಾಯುತ್ತ ಕೂರದೆ ಏಕಕಾಲದಲ್ಲಿ ಪರೀಕ್ಷಿಸುವುದರಿಂದ, ಯಾವ ಭಾಗವನ್ನೂ ಬದಲಿಸದ ಯಂತ್ರದಲ್ಲಿಯೂ ಈ ಕ್ರಮವು ಒಂದು ಪ್ರಾರಂಭಕ್ಕೂ ಇನ್ನೊಂದಕ್ಕೂ ಬೇರೆಯಾಗಬಹುದು.

ಹಿಂದೆ ಹೀಗಿರಲಿಲ್ಲವಲ್ಲ ಎಂದು ಹಳೆಯ ಕೈಗಳು ಹೇಳುವುದುಂಟು. ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಐಡಿಇ ಡಿಸ್ಕುಗಳ ಕಾಲದಲ್ಲಿ ಎಚ್‌ಡಿಎ ಎಂದರೆ ಮೊದಲನೆಯ ಕೇಬಲ್ಲಿನ ಮಾಸ್ಟರ್, ಎಚ್‌ಡಿಬಿ ಎಂದರೆ ಅದೇ ಕೇಬಲ್ಲಿನ ಸ್ಲೇವ್, ಎಚ್‌ಡಿಸಿ ಎಂದರೆ ಎರಡನೆಯ ಕೇಬಲ್ಲಿನ ಮಾಸ್ಟರ್. ನಡುವಿನ ಡಿಸ್ಕೊಂದನ್ನು ತೆಗೆದರೂ ಉಳಿದವುಗಳ ಹೆಸರು ಅಲುಗುತ್ತಿರಲಿಲ್ಲ. ಆದರೆ ಸ್ಕಸಿ ಡಿಸ್ಕುಗಳಿಗೆ ಅಂದೂ ಇದೇ ಅಸ್ಥಿರತೆ ಇದ್ದಿತು. ಸಾಟಾ ಡಿಸ್ಕುಗಳು ಬಂದು ಸ್ಕಸಿಯ ವ್ಯವಸ್ಥೆಯೊಳಗೇ ಸೇರಿಕೊಂಡ ಮೇಲೆ, 2007ರ ಸುಮಾರಿಗೆ ಹಳೆಯ ಐಡಿಇ ಡಿಸ್ಕುಗಳನ್ನು ಸಹ ಅದೇ ದಾರಿಗೆ ಹಚ್ಚಲಾಯಿತು, 2021ರ 5.14ನೆಯ ಆವೃತ್ತಿಯಲ್ಲಿ ಹಳೆಯ ಐಡಿಇ ಚಾಲಕಭಾಗವು ಕರ್ನಲ್ಲಿನಿಂದ ಸಂಪೂರ್ಣವಾಗಿ ಹೊರಬಿದ್ದಿತು. ಮನೆಯ ಕಂಪ್ಯೂಟರಿಗೆ ಇದರಿಂದ ಬಂದ ತೊಂದರೆ ಅತ್ಯಲ್ಪ. ಬ್ಯಾಕ್‌ಬ್ಲೇಜ್ ಸಂಸ್ಥೆ 2009ರಲ್ಲಿ ಬಹಿರಂಗಪಡಿಸಿದ ನಕ್ಷೆಯಲ್ಲಿರುವಂತೆ ಒಂದೇ ಪೆಟ್ಟಿಗೆಯಲ್ಲಿ 45 ಡಿಸ್ಕುಗಳನ್ನು ತುಂಬಿದಲ್ಲಿ ಮಾತ್ರ, ಎಸ್‌ಡಿಜೆಡ್ ಮುಗಿದು ಎಸ್‌ಡಿಎಎ ಮೊದಲಾಗಿ, ನಲವತ್ತೈದನೆಯದು ಎಸ್‌ಡಿಎಎಸ್ ಎನಿಸಿಕೊಳ್ಳುವಲ್ಲಿ, ಅಕ್ಷರಗಳನ್ನು ನಂಬಿ ಕೈಹಾಕುವವನು ನಿಜವಾಗಿಯೂ ಧೈರ್ಯಶಾಲಿ.

ಈ ಗೊಂದಲಕ್ಕೆ ಪರಿಹಾರ ದೊರೆತದ್ದು 2003ರಲ್ಲಿ ಗ್ರೆಗ್ ಕ್ರೋ-ಹಾರ್ಟ್‌ಮನ್ ಅವರು ಮುಂದಿಟ್ಟ ಯುಡೆವ್ ಎಂಬ ವ್ಯವಸ್ಥೆಯಿಂದ. ಹೆಸರಿಡುವ ಕಾರ್ಯವನ್ನು ಕರ್ನಲ್ಲಿನೊಳಗೇ ನಡೆಸುತ್ತಿದ್ದ ಡೆವ್‌ಎಫ್‌ಎಸ್ ಎಂಬ ಪೂರ್ವಪ್ರಯತ್ನವನ್ನು ಅದು ಬದಿಗೆ ಸರಿಸಿತು. ಕರ್ನಲ್ಲು ತನಗೆ ತೋಚಿದ ಸಂಖ್ಯೆಯನ್ನು ಕೊಟ್ಟುಕೊಳ್ಳಲಿ. ಹೊರಗಿನಿಂದ ಒಂದು ಕಾರ್ಯಕ್ರಮವು ಆ ಸಾಧನದ ಗುಣಲಕ್ಷಣಗಳನ್ನು ವಿಚಾರಿಸಿ, ನಿಯಮಗಳ ಪಟ್ಟಿಯನ್ನು ನೋಡಿ, ಅದಕ್ಕೆ ತಕ್ಕ ಬೇರೆ ಹೆಸರುಗಳನ್ನೂ ಇಡಲಿ ಎಂಬುದು ಯುಡೆವ್‌ನ ಧೋರಣೆ. 2012ರಲ್ಲಿ ಅದು ಯಂತ್ರದ ಸೇವೆಗಳನ್ನು ಪ್ರಾರಂಭಿಸಿ ನಡೆಸುವ ಸಿಸ್ಟಮ್‌ಡಿಯೊಳಗೆ ವಿಲೀನವಾಯಿತು. ಇಂದು ಬಹುತೇಕ ಲಿನಕ್ಸ್ ಯಂತ್ರಗಳಲ್ಲಿ /ಡೆವ್/ಡಿಸ್ಕ್ ಎಂಬ ಕೋಶವನ್ನು ತೆರೆದು ನೋಡಿದರೆ ಬೈ-ಐಡಿ, ಬೈ-ಪಾತ್, ಬೈ-ಯುಯುಐಡಿ, ಬೈ-ಲೇಬಲ್ ಮೊದಲಾದ ಉಪಕೋಶಗಳೂ, ಅವುಗಳೊಳಗೆ ದೀರ್ಘವಾದ ಹೆಸರುಗಳೂ ಕಾಣಸಿಗುತ್ತವೆ. ಒಂದೊಂದು ಹೆಸರೂ ಆ ಹೊತ್ತಿನ ಎಸ್‌ಡಿ ಅಕ್ಷರದತ್ತ ಬೆರಳು ಮಾಡಿ ತೋರಿಸುವ ಕೊಂಡಿ. ಅಕ್ಷರ ಬದಲಾದರೆ ಕೊಂಡಿಯು ತಾನೇ ಹೊಸ ಅಕ್ಷರದ ಕಡೆಗೆ ತಿರುಗಿಕೊಳ್ಳುತ್ತದೆ.

ಇವುಗಳಲ್ಲಿ ಯಾವುದನ್ನಾದರೂ ಬಳಸಿದರಾಯಿತು ಎಂದು ತಿಳಿಯುವುದು ಸರಿಯಲ್ಲ. ಏಕೆಂದರೆ ಒಂದೊಂದು ಕೋಶವೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತದೆ. ಬೈ-ಐಡಿ ಹೇಳುವುದು ಈ ವಸ್ತು ಯಾವುದು ಎಂಬುದನ್ನು. ಬೈ-ಪಾತ್ ಹೇಳುವುದು ಈ ವಸ್ತು ಎಲ್ಲಿ ಜೋಡಿಸಲ್ಪಟ್ಟಿದೆ ಎಂಬುದನ್ನು. ಬೈ-ಯುಯುಐಡಿ ಹೇಳುವುದು ಈ ವಸ್ತುವಿನ ಮೇಲೆ ಏನನ್ನು ಬರೆದಿದೆ ಎಂಬುದನ್ನು.

ಬೈ-ಐಡಿಯಲ್ಲಿ ಸಾಮಾನ್ಯವಾಗಿ ಒಂದು ಡಿಸ್ಕಿಗೆ ಎರಡು ಹೆಸರುಗಳಿರುತ್ತವೆ. ಮೊದಲನೆಯದು ಎಟಿಎ ಎಂದು ಆರಂಭವಾಗಿ, ಡಿಸ್ಕಿನ ಮಾದರಿಯ ಹೆಸರನ್ನೂ ಅದರ ಸೀರಿಯಲ್ ನಂಬರನ್ನೂ ಒಂದಕ್ಕೊಂದು ಪೋಣಿಸಿದ್ದು. ಎನ್‌ವಿಎಂಇ ಜಾತಿಯ ಡಿಸ್ಕುಗಳಿಗೂ ಇದರಂತೆಯೇ ತಮ್ಮ ಹೆಸರುಗಳಿವೆ. ಎರಡನೆಯದು ಡಬ್ಲ್ಯೂಡಬ್ಲ್ಯೂಎನ್, ಎಂದರೆ ಜಗತ್ತಿನಲ್ಲಿಯೇ ಮತ್ತೊಂದಿಲ್ಲದಂತೆ ಕಾರ್ಖಾನೆಯಲ್ಲಿ ಕೊಟ್ಟ 64 ಬಿಟ್ಟುಗಳ ಸಂಖ್ಯೆ. ಅದರ ಮೊದಲ 4 ಬಿಟ್ಟುಗಳು ಸಂಖ್ಯಾಪದ್ಧತಿಯನ್ನೂ, ಮುಂದಿನ 24 ಬಿಟ್ಟುಗಳು ತಯಾರಕನನ್ನೂ, ಉಳಿದ 36 ಬಿಟ್ಟುಗಳು ಆ ತಯಾರಕನು ಮಾಡಿದ ಒಂದು ನಿರ್ದಿಷ್ಟ ಡಿಸ್ಕನ್ನೂ ಸೂಚಿಸುತ್ತವೆ. ತಯಾರಕರಿಗೆ ಸಂಖ್ಯೆಗಳನ್ನು ಹಂಚುವ ಅಧಿಕಾರ ಐಇಇಇ ಸಂಸ್ಥೆಯದು. ಪ್ರತಿಯೊಂದು ಸಂಖ್ಯೆಯ ಅಡಿಯಲ್ಲಿ 6,800 ಕೋಟಿಗೂ ಮಿಕ್ಕ ಡಿಸ್ಕುಗಳಿಗೆ ಅವಕಾಶವುಂಟು. ಸ್ವಲ್ಪ ಅಭ್ಯಾಸವಾದ ಮೇಲೆ, 5000ಸಿ50 ಎಂದು ಮೊದಲಾಗುವುದು ಸೀಗೇಟಿನದು, 50014ಇಇ ಎಂದು ಮೊದಲಾಗುವುದು ವೆಸ್ಟರ್ನ್ ಡಿಜಿಟಲ್ಲಿನದು ಎಂದು ಕಣ್ಣೇ ಗುರುತಿಸುತ್ತದೆ. ಸೀರಿಯಲ್ ನಂಬರು ಡಿಸ್ಕಿನ ಮೇಲೆ ಅಂಟಿಸಿದ ಚೀಟಿಯಲ್ಲಿ ಅಚ್ಚಾಗಿರುತ್ತದೆ. ಅನೇಕ ತಯಾರಕರು ಡಬ್ಲ್ಯೂಡಬ್ಲ್ಯೂಎನ್ ಸಂಖ್ಯೆಯನ್ನೂ ಅದರ ಜೊತೆಗೇ ಅಚ್ಚುಮಾಡುತ್ತಾರೆ. ಪರದೆಯ ಮೇಲೆ ಕಂಡ ಹೆಸರನ್ನು ಕೈಯಲ್ಲಿ ಹಿಡಿದ ಲೋಹದ ಪೆಟ್ಟಿಗೆಯ ಮೇಲೆ ಓದಿ ತಾಳೆನೋಡಬಹುದಾದ ಅನುಕೂಲ ಬೇರೆ ಯಾವ ಕೋಶದ ಹೆಸರಿಗೂ ಇಲ್ಲವಾದುದರಿಂದ, ಸಣ್ಣ ವ್ಯೂಹಗಳಿಗೆ ನಾನು ಎರಡನೆಯ ಮಾತಿಲ್ಲದೆ ಮಾದರಿ-ಸೀರಿಯಲ್ ರೂಪದ ಬೈ-ಐಡಿ ಹೆಸರನ್ನೇ ಆರಿಸುತ್ತೇನೆ. ಡಬ್ಲ್ಯೂಡಬ್ಲ್ಯೂಎನ್ ಹೆಚ್ಚು ಶಾಸ್ತ್ರೀಯವಾದುದೆಂದು ವಾದಿಸುವವರಿದ್ದಾರೆ. ಆದರೆ ಕೆಲವು ಹಳೆಯ ಡಿಸ್ಕುಗಳಿಗೂ ಅಗ್ಗದ ಎಸ್‌ಎಸ್‌ಡಿಗಳಿಗೂ ಆ ಸಂಖ್ಯೆಯೇ ಇರುವುದಿಲ್ಲ, ಇದ್ದಲ್ಲಿಯೂ ಹದಿನಾರು ಅಂಕಿಗಳ ಸಾಲಿನಿಂದ ಡಿಸ್ಕಿನ ಗಾತ್ರವಾಗಲಿ ಮಾದರಿಯಾಗಲಿ ಮನಸ್ಸಿಗೆ ಬರುವುದಿಲ್ಲ.

ಡಿಸ್ಕುಗಳ ಸಂಖ್ಯೆ ಹತ್ತಿಪ್ಪತ್ತನ್ನು ಮೀರಿದಲ್ಲಿ ನ್ಯಾಯವು ಬೇರೆ. ಅಲ್ಲಿ ಕೆಲಸದವನಿಗೆ ಬೇಕಾದುದು ಯಾವ ಡಿಸ್ಕು ಎಂಬುದಕ್ಕಿಂತ ಹೆಚ್ಚಾಗಿ ಯಾವ ಗೂಡು ಎಂಬುದು. ಅರವತ್ತು ಡಿಸ್ಕುಗಳನ್ನು ಒಂದೊಂದಾಗಿ ಹೊರಗೆಳೆದು ಚೀಟಿ ಓದುವಂತಿಲ್ಲವಷ್ಟೆ. ಡಿಸ್ಕುಗಳನ್ನು ತಾನೇ ಕೂಡಿಸಿಕೊಳ್ಳುವ ಜೆಡ್‌ಎಫ್‌ಎಸ್ ಎಂಬ ಕಡತವ್ಯವಸ್ಥೆಯನ್ನು ನೋಡಿಕೊಳ್ಳುವ ಓಪನ್‌ಜೆಡ್‌ಎಫ್‌ಎಸ್ ಯೋಜನೆಯವರು ತಮ್ಮ ಕೈಪಿಡಿಯಲ್ಲಿ ಹತ್ತಕ್ಕಿಂತ ಕಡಿಮೆ ಡಿಸ್ಕುಗಳಿದ್ದಲ್ಲಿ ಬೈ-ಐಡಿಯನ್ನೂ, ಹೆಚ್ಚಾದಲ್ಲಿ ಬೈ-ಪಾತ್ ಅಥವಾ ತಾವೇ ಬರೆದ ಗೂಡುಹೆಸರುಗಳ ಪಟ್ಟಿಯನ್ನೂ ಬಳಸುವುದು ಯುಕ್ತವೆಂದು ಸೂಚಿಸಿರುವುದು ಈ ಕಾರಣದಿಂದಲೇ. ಅಂಥ ಪಟ್ಟಿಯಲ್ಲಿ ನಿಯಂತ್ರಕ ಕಾರ್ಡಿನ ಪಿಸಿಐ ವಿಳಾಸವನ್ನೂ ಅದರ ದ್ವಾರವನ್ನೂ ಒಂದು ಅಕ್ಷರಕ್ಕೆ ಹೊಂದಿಸಿದರೆ, ಡಿಸ್ಕುಗಳು ಎ1, ಎ2, ಬಿ1, ಬಿ2 ಎಂಬಂತೆ ಗೂಡಿನ ಹೆಸರಿನಿಂದಲೇ ಕಾಣಿಸಿಕೊಳ್ಳುತ್ತವೆ. ಗೂಡಿನ ಹೆಸರಿಗೆ ಒಂದು ದೌರ್ಬಲ್ಯವುಂಟು: ಯಾರಾದರೂ ಧೂಳು ಒರೆಸಲೆಂದು ಕೇಬಲ್ಲುಗಳನ್ನು ಕಳಚಿ ಅದಲುಬದಲಾಗಿ ಸಿಕ್ಕಿಸಿದರೆ ಅದು ಸುಳ್ಳಾಗುತ್ತದೆ.

ಬೈ-ಯುಯುಐಡಿಯ ವಿಷಯದಲ್ಲಿ ಅನೇಕರು ಎಡವುತ್ತಾರೆ. ಯುಯುಐಡಿ ಎಂಬ 128 ಬಿಟ್ಟುಗಳ ಸಂಖ್ಯೆ ಡಿಸ್ಕಿಗೆ ಸೇರಿದ್ದಲ್ಲ. ಅದರ ಮೇಲೆ ರಚಿಸಿದ ಕಡತವ್ಯವಸ್ಥೆಗೆ ಸೇರಿದ್ದು. ಡಿಸ್ಕನ್ನು ಹೊಸದಾಗಿ ಫಾರ್ಮ್ಯಾಟ್ ಮಾಡಿದ ಕೂಡಲೇ ಹಳೆಯ ಸಂಖ್ಯೆ ಅಳಿದು ಹೊಸದು ಬರುತ್ತದೆ. ಹೊಸ ಡಿಸ್ಕಿನ ಮೇಲೆ ಇನ್ನೂ ಏನನ್ನೂ ಬರೆದಿಲ್ಲವಾದ್ದರಿಂದ ಅದಕ್ಕೆ ಇಂಥ ಹೆಸರೇ ಇರುವುದಿಲ್ಲ. ಎಂದ ಮೇಲೆ, ವ್ಯೂಹವನ್ನು ಕಟ್ಟುವ ಹೊತ್ತಿನಲ್ಲಿ ಡಿಸ್ಕುಗಳನ್ನು ಯುಯುಐಡಿಯಿಂದ ಕರೆಯುತ್ತೇನೆಂಬುದು ಆಗದ ಮಾತು. ಮೇಲಾಗಿ, ಎಂಡಿ ಎಂಬ ಲಿನಕ್ಸಿನ ಸ್ವಂತ ತಂತ್ರಾಂಶ ರೇಡ್‌ನಲ್ಲಿ ಒಂದು ವ್ಯೂಹದ ಸದಸ್ಯರೆಲ್ಲರ ಮೇಲೂ ವ್ಯೂಹದ ಯುಯುಐಡಿ ಒಂದೇ ಆಗಿರುತ್ತದೆ. ಸದಸ್ಯರನ್ನು ಪರಸ್ಪರ ಬೇರ್ಪಡಿಸಲು ಅದರಿಂದ ಪ್ರಯೋಜನವಿಲ್ಲ. ಡಿಸ್ಕನ್ನು ಒಂದೊಂದು ಬಿಟ್ಟಿನವರೆಗೂ ಇದ್ದಂತೆಯೇ ಇನ್ನೊಂದಕ್ಕೆ ಪ್ರತಿಮಾಡಿದರಂತೂ ಒಂದೇ ಯುಯುಐಡಿಯ ಎರಡು ವಸ್ತುಗಳು ಯಂತ್ರದಲ್ಲಿರುತ್ತವೆ. ಎಕ್ಸ್‌ಎಫ್‌ಎಸ್ ಎಂಬ ಕಡತವ್ಯವಸ್ಥೆ ಅಂಥ ಎರಡನೆಯದನ್ನು ಮೌಂಟ್ ಮಾಡಲು ಒಪ್ಪುವುದಿಲ್ಲ, ಬಿಟಿಆರ್‌ಎಫ್‌ಎಸ್ ಎಂಬ ಇನ್ನೊಂದರಲ್ಲಿ ಅದರಿಂದ ಮಾಹಿತಿಯೇ ಕೆಡುವ ಅಪಾಯವಿದೆ. ಯುಯುಐಡಿಯ ನಿಜವಾದ ಸ್ಥಾನ ಎಫ್‌ಎಸ್‌ಟ್ಯಾಬ್ ಕಡತ: ಕಟ್ಟಿ ಮುಗಿದ ವ್ಯೂಹದ ಮೇಲಿನ ಕಡತವ್ಯವಸ್ಥೆಯನ್ನು ಎಲ್ಲಿ ಮೌಂಟ್ ಮಾಡಬೇಕೆಂಬುದನ್ನು ಹೇಳುವಲ್ಲಿ ಅದಕ್ಕಿಂತ ವಿಶ್ವಾಸಾರ್ಹವಾದ ಹೆಸರು ಇನ್ನೊಂದಿಲ್ಲ. ಎಂಡಿ0 ಎಂದು ಹೆಸರಿಟ್ಟ ವ್ಯೂಹವು ಯಂತ್ರವನ್ನು ಮತ್ತೆ ಪ್ರಾರಂಭಿಸಿದ ಮೇಲೆ ಎಂಡಿ127 ಎಂಬ ವೇಷದಲ್ಲಿ ಎದ್ದುಬಂದು ಎಷ್ಟು ಜನರನ್ನು ಬೆಚ್ಚಿಬೀಳಿಸಿಲ್ಲ! ಪ್ರಾರಂಭಕಾಲದ ಇನಿಟ್‌ರಾಮ್‌ಎಫ್‌ಎಸ್‌ನೊಳಗೆ ಆ ವ್ಯೂಹದ ವಿವರ ಸೇರಿರದಿದ್ದಾಗ ಹೀಗಾಗುತ್ತದೆ. ಎಫ್‌ಎಸ್‌ಟ್ಯಾಬ್‌ನಲ್ಲಿ ಯುಯುಐಡಿ ಬರೆದಿಟ್ಟವನಿಗೆ ಈ ವೇಷಾಂತರ ತಟ್ಟುವುದೇ ಇಲ್ಲ.

ಇಲ್ಲಿ ವಿಚಾರವಂತನಾದ ಓದುಗನು ಒಂದು ಆಕ್ಷೇಪವನ್ನು ಎತ್ತಬಹುದು. ವ್ಯೂಹದ ತಂತ್ರಾಂಶವು ತನ್ನ ಡಿಸ್ಕುಗಳನ್ನು ತಾನೇ ಗುರುತಿಸಿಕೊಳ್ಳುವುದಿಲ್ಲವೆ? ಹಾಗಿರುವಾಗ ನಾವು ಅವನ್ನು ಎಸ್‌ಡಿಸಿ ಎಂದು ಕರೆದರೇನು, ಉದ್ದನೆಯ ಸಂಖ್ಯೆಯಿಂದ ಕರೆದರೇನು? ಈ ಆಕ್ಷೇಪ ನ್ಯಾಯವಾದುದೇ. ಇಡೀ ವಿಷಯದ ತಿರುಳು ಇರುವುದೂ ಇಲ್ಲಿಯೇ. ರೇಡ್‌ಟೂಲ್ಸ್ ಎಂಬ ಹಳೆಯ ಉಪಕರಣದ ಕಾಲದಲ್ಲಿ ರೇಡ್‌ಟ್ಯಾಬ್ ಎಂಬ ಕಡತದಲ್ಲಿ ಡಿಸ್ಕುಗಳ ಹೆಸರನ್ನು ಕ್ರಮವಾಗಿ ಬರೆಯಬೇಕಾಗಿತ್ತು. ಡಿಸ್ಕಿನ ಮೇಲೆಯೇ ಗುರುತನ್ನು ಬರೆದಿಡುವ ಸೂಚನೆಯನ್ನು ಅದರಲ್ಲಿ ಸೇರಿಸದೆಹೋದರೆ, ಹೆಸರುಗಳು ಅದಲುಬದಲಾದಾಗ ವ್ಯೂಹವೂ ತಲೆಕೆಳಗಾಗುತ್ತಿತ್ತು. ನೀಲ್ ಬ್ರೌನ್ ಅವರು ರಚಿಸಿದ ಎಂಡಿಆಡಮ್ ಆ ಉಪಕರಣದ ಸ್ಥಾನವನ್ನು ಹಿಡಿದ ಮೇಲೆ ಡಿಸ್ಕಿನ ಮೇಲೆ ಗುರುತು ಬರೆಯುವುದೇ ರೂಢಿಯಾಯಿತು. ಈಗಿನ 1.2ನೆಯ ವಿನ್ಯಾಸದಲ್ಲಿ ಸಾಧನದ ಆದಿಯಿಂದ 4 ಕಿಲೋಬೈಟು ದೂರದಲ್ಲಿ, ಇದು ಯಾವ ವ್ಯೂಹಕ್ಕೆ ಸೇರಿದೆ, ಆ ವ್ಯೂಹದಲ್ಲಿ ಇದರ ಸ್ಥಾನವೇನು, ಕಡೆಯ ಬಾರಿ ಬರೆದಾಗ ಘಟನೆಗಳ ಎಣಿಕೆ ಎಷ್ಟಾಗಿದ್ದಿತು ಎಂಬುದೆಲ್ಲ ದಾಖಲಾಗಿರುತ್ತದೆ. ಜೆಡ್‌ಎಫ್‌ಎಸ್ ಇನ್ನೂ ಜಾಗರೂಕ. 256 ಕಿಲೋಬೈಟಿನ ಗುರುತಿನ ಪಟ್ಟಿಯನ್ನು ಪ್ರತಿಯೊಂದು ಸಾಧನದ ಮೊದಲಲ್ಲಿ ಎರಡು, ಕೊನೆಯಲ್ಲಿ ಎರಡು ಎಂದು ನಾಲ್ಕು ಪ್ರತಿ ಬರೆದಿಡುತ್ತದೆ. ಹೀಗಾಗಿ ಎಂಡಿ ವ್ಯೂಹದ ಡಿಸ್ಕುಗಳನ್ನು ಯಾವ ಕ್ರಮದಲ್ಲಿ ಸಿಕ್ಕಿಸಿದರೂ ಅದು ಸಾಮಾನ್ಯವಾಗಿ ತನ್ನನ್ನು ತಾನೇ ಜೋಡಿಸಿಕೊಳ್ಳಬಲ್ಲುದು.

ಎಂದರೆ ಸ್ಥಿರವಾದ ಹೆಸರು ಯಂತ್ರಕ್ಕಿಂತ ಹೆಚ್ಚಾಗಿ ಬೇಕಾಗಿರುವುದು ಮನುಷ್ಯನಿಗೆ. ಡಿಸ್ಕಿನ ಮೇಲಿನ ಗುರುತು ಇಲ್ಲದಿರುವ ಹೊತ್ತು ಒಂದುಂಟು, ಅದು ವ್ಯೂಹವನ್ನು ಕಟ್ಟುವ ಹೊತ್ತು. ಗುರುತನ್ನು ಓದಲಾಗದ ಹೊತ್ತು ಇನ್ನೊಂದುಂಟು, ಅದು ಡಿಸ್ಕು ಕೆಟ್ಟ ಹೊತ್ತು. ಈ ಎರಡು ಸಂದರ್ಭಗಳಲ್ಲಿಯೂ ನಿರ್ಣಯವು ಕೀಲಿಮಣೆಯ ಮುಂದೆ ಕುಳಿತವನ ಕೈಯಲ್ಲಿದೆ. ಎರಡರಲ್ಲಿಯೂ ಆಜ್ಞೆಯನ್ನು ಹಿಂದಕ್ಕೆ ತೆಗೆದುಕೊಳ್ಳುವ ಅವಕಾಶ ಇಲ್ಲವೆಂದೇ ಹೇಳಬೇಕು. ಯಾವುದೋ ಕೈಪಿಡಿಯನ್ನು ನೋಡಿಕೊಂಡು ಎಸ್‌ಡಿಬಿ, ಎಸ್‌ಡಿಸಿ, ಎಸ್‌ಡಿಡಿ ಎಂದು ಯಥಾವತ್ತಾಗಿ ಟೈಪು ಮಾಡುವವನು, ತನ್ನ ಯಂತ್ರದಲ್ಲಿ ಈ ಸಲ ಎಸ್‌ಡಿಬಿ ಎಂಬುದು ಹಿಂದಿನ ದಿನ ಸಿಕ್ಕಿಸಿದ ಬ್ಯಾಕಪ್ ಡಿಸ್ಕಾಗಿರಬಹುದೆಂಬುದನ್ನು ಅರಿಯಲಾರನು. ಅದೇ ಸ್ಥಳದಲ್ಲಿ ಮಾದರಿಯ ಹೆಸರನ್ನೂ ಸೀರಿಯಲ್ ನಂಬರನ್ನೂ ಬರೆಯಬೇಕಾದಾಗ, ತಾನು ಕೈಹಾಕುತ್ತಿರುವುದು ಯಾವ ಕಂಪನಿಯ ಯಾವ ಗಾತ್ರದ ವಸ್ತುವೆಂಬುದು ಕಣ್ಣಿಗೆ ಬೀಳದೆ ಇರದು. ಉದ್ದನೆಯ ಹೆಸರಿನಿಂದ ಬೆರಳಿಗೆ ಶ್ರಮವೆಂದು ದೂರುವವರಿಗೆ ಆ ಶ್ರಮವೇ ಅದರ ಗುಣವೆಂದು ನನ್ನ ಉತ್ತರ. ಟ್ಯಾಬ್ ಕೀಲಿಯ ಸಹಾಯವಂತೂ ಇದ್ದೇ ಇದೆ.

ಜೆಡ್‌ಎಫ್‌ಎಸ್ ಬಳಸುವವರಿಗೆ ಇನ್ನೂ ಒಂದು ಕಾರಣವುಂಟು. ವ್ಯೂಹವನ್ನು ಕಟ್ಟಿದಾಗ ಕೊಟ್ಟ ಹೆಸರುಗಳನ್ನೇ ಅದು ನೆನಪಿನ ಕಡತದಲ್ಲಿ ಇಟ್ಟುಕೊಂಡು, ಮುಂದಿನ ಪ್ರಾರಂಭದಲ್ಲಿ ಡಿಸ್ಕುಗಳನ್ನು ಅಲ್ಲಿಯೇ ಹುಡುಕುತ್ತದೆ. ಅಕ್ಷರಗಳು ಜರುಗಿದ್ದರೆ, ಆ ಸ್ಥಳದಲ್ಲಿ ಬೇರೆ ಗುರುತಿನ ಡಿಸ್ಕನ್ನು ಕಂಡು, ಎಲ್ಲ ಡಿಸ್ಕುಗಳೂ ಚೆನ್ನಾಗಿದ್ದಾಗ್ಯೂ ಕೆಲವು ದೊರೆಯಲಿಲ್ಲವೆಂದು ದೂರುವುದುಂಟು. ದೊರೆಯದ ಡಿಸ್ಕಿನ ಎದುರಿಗೆ ಒಂದು ದೊಡ್ಡ ಸಂಖ್ಯೆಯನ್ನು ಬರೆದು, 'ಹಿಂದೆ ಎಸ್‌ಡಿಸಿ ಆಗಿದ್ದುದು' ಎಂದು ಟಿಪ್ಪಣಿ ಹಾಕುತ್ತದೆ. ಈಗ ಎಸ್‌ಡಿಸಿ ಎನಿಸಿಕೊಂಡಿರುವುದು ಇನ್ನಾವುದೋ ಡಿಸ್ಕು. ಆ ಟಿಪ್ಪಣಿಯನ್ನು ಓದಿ ಅದನ್ನೇ ಕಿತ್ತವರು ಇಲ್ಲದೆ ಇಲ್ಲ. ಈಗಾಗಲೇ ಅಕ್ಷರಗಳಿಂದ ಕಟ್ಟಿಕೊಂಡವರು ಹತಾಶರಾಗಬೇಕಾದುದಿಲ್ಲ. ವ್ಯೂಹವನ್ನು ಎಕ್ಸ್‌ಪೋರ್ಟ್ ಮಾಡಿ, ಬೈ-ಐಡಿ ಕೋಶವನ್ನು ತೋರಿಸಿ ಮರಳಿ ಇಂಪೋರ್ಟ್ ಮಾಡಿದರೆ ಒಂದು ಬೈಟನ್ನೂ ಕಳೆದುಕೊಳ್ಳದೆ ಹೆಸರುಗಳು ಬದಲಾಗುತ್ತವೆ.

ಬೈ-ಐಡಿಯೂ ದೋಷರಹಿತವಲ್ಲ. ಯುಎಸ್‌ಬಿ ಪೆಟ್ಟಿಗೆಗಳಲ್ಲಿ ನಡುವೆ ಕುಳಿತಿರುವ ಸೇತುವೆಯ ಚಿಪ್ಪು ಎಷ್ಟೋ ವೇಳೆ ಡಿಸ್ಕಿನ ಸೀರಿಯಲ್ ನಂಬರನ್ನು ಮರೆಮಾಡಿ ತನ್ನದನ್ನೇ ಹೇಳುತ್ತದೆ. ಕೆಲವು ಅಗ್ಗದ ಮಾದರಿಗಳಲ್ಲಿ ಎಲ್ಲ ಪೆಟ್ಟಿಗೆಗಳೂ ಒಂದೇ ನಂಬರನ್ನು ಹೇಳುವುದರಿಂದ ಎರಡು ಡಿಸ್ಕುಗಳು ಒಂದೇ ಹೆಸರಿಗಾಗಿ ಸ್ಪರ್ಧಿಸಿ, ಕೊಂಡಿಯು ಯಾವುದಾದರೊಂದಕ್ಕೆ ಮಾತ್ರ ದಕ್ಕುತ್ತದೆ. ಹಾರ್ಡ್‌ವೇರ್ ರೇಡ್ ಕಾರ್ಡುಗಳು ತಮ್ಮ ಹಿಂದಿರುವ ಡಿಸ್ಕುಗಳನ್ನು ಮುಚ್ಚಿಟ್ಟು ತಮ್ಮ ಕಲ್ಪಿತ ಡಿಸ್ಕನ್ನು ಮುಂದೊಡ್ಡುತ್ತವೆ. ವರ್ಚುವಲ್ ಯಂತ್ರಗಳಲ್ಲಿ ನಾವಾಗಿ ಸೀರಿಯಲ್ ನಂಬರನ್ನು ಕೊಡದಿದ್ದರೆ ಬೈ-ಐಡಿಯಲ್ಲಿ ಆ ಡಿಸ್ಕು ಕಾಣಿಸದೆಯೇ ಇರಬಹುದು. ವಿಎಂವೇರ್‌ನಲ್ಲಿ ಇದಕ್ಕಾಗಿ ಪ್ರತ್ಯೇಕವಾದ ಒಂದು ಆಯ್ಕೆಯನ್ನು ಚಾಲನೆಗೊಳಿಸಬೇಕು. ಆದುದರಿಂದ ಆಜ್ಞೆ ಕೊಡುವ ಮೊದಲು ಎಲ್‌ಎಸ್‌ಬಿಎಲ್‌ಕೆ ಎಂಬ ಆಜ್ಞೆಗೆ ಮಾದರಿ, ಗಾತ್ರ, ಸೀರಿಯಲ್, ಡಬ್ಲ್ಯೂಡಬ್ಲ್ಯೂಎನ್ ಎಂಬ ಕಂಬಸಾಲುಗಳನ್ನು ಕೇಳಿ, ಬಂದ ಪಟ್ಟಿಯನ್ನು ಒಮ್ಮೆ ಸಮಾಧಾನವಾಗಿ ಓದತಕ್ಕದ್ದು.

ಇಂದು ಇಂಥ ವ್ಯೂಹಗಳು ದೊಡ್ಡ ದತ್ತಾಂಶ ಕೇಂದ್ರಗಳಲ್ಲಿ ಮಾತ್ರವೇ ಇರುವುದಲ್ಲ. ಮದುವೆಯ ಚಿತ್ರಗಳನ್ನು ವರ್ಷಗಟ್ಟಲೆ ಕಾಪಾಡಬೇಕಾದ ಸ್ಟುಡಿಯೋದವರು, ಲೆಕ್ಕಪರಿಶೋಧಕರು, ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿಡುವ ಉತ್ಸಾಹಿಗಳು ಸಹ ಹಳೆಯ ಕಂಪ್ಯೂಟರಿಗೆ ನಾಲ್ಕು ಡಿಸ್ಕು ಹಾಕಿ ಲಿನಕ್ಸಿನಲ್ಲಿ ಇದನ್ನು ಕಟ್ಟಿಕೊಳ್ಳುತ್ತಿದ್ದಾರೆ. ಅವರಲ್ಲಿ ನನ್ನದೊಂದು ವಿನಂತಿ. ಡಿಸ್ಕನ್ನು ಗೂಡಿಗೆ ಸೇರಿಸುವ ಮೊದಲೇ ಅದರ ಸೀರಿಯಲ್ ನಂಬರಿನ ಕಡೆಯ ನಾಲ್ಕೈದು ಅಕ್ಷರಗಳನ್ನು ಒಂದು ಚೀಟಿಯಲ್ಲಿ ಬರೆದು, ಗೂಡಿನ ಹೊರಮೈಯಲ್ಲಿ, ಮುಚ್ಚಳ ತೆಗೆದೊಡನೆಯೇ ಕಾಣುವಂತೆ ಅಂಟಿಸಿ. ಯಾವ ಗೂಡಿನಲ್ಲಿ ಯಾವುದಿದೆಯೆಂಬ ಪಟ್ಟಿಯನ್ನು ಆ ಯಂತ್ರದ ಹೊರಗೆ, ಸಾಧ್ಯವಾದರೆ ಕಾಗದದ ಮೇಲೆ, ಇಟ್ಟುಕೊಳ್ಳಿ. ಇದನ್ನು ಡಿಸ್ಕುಗಳೆಲ್ಲವೂ ಆರೋಗ್ಯವಾಗಿರುವಾಗಲೇ ಮಾಡಬೇಕು; ಪೂರ್ತಿಯಾಗಿ ಕೆಟ್ಟುಹೋದ ಡಿಸ್ಕು ತನ್ನ ಸೀರಿಯಲ್ ನಂಬರನ್ನು ಹೇಳುವ ಸ್ಥಿತಿಯಲ್ಲಿರುವುದಿಲ್ಲ, ಬೈ-ಐಡಿಯಿಂದ ಅದರ ಹೆಸರೂ ಮಾಯವಾಗಿರುತ್ತದೆ.